ಪ್ರತಿರೂಪಕ ವ್ಯವಹಾರವೂ ಹೃದಯದ ಕವಾಟವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿನ ಮಾಲನ್ನು ಕೊಳ್ಳಬಾರದು, ತೂಕದಲ್ಲಿ ಮೋಸ ಮಾಡಬಾರದು ಎಂಬಂಥವು ಅಂಗಡಿಯಲ್ಲಿ ಕುಳಿತವನಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತವೆ. ಕೊನೆಯದಾದ ಪ್ರತಿರೂಪಕ ವ್ಯವಹಾರವು ಮಾತ್ರ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವ ಮಾತಲ್ಲ. ಒಂದರಂತೆ ಕಾಣುವ ಇನ್ನೊಂದನ್ನು ಮಾರುವುದು ಎಂದು ಮೇಲ್ನೋಟದ ಅರ್ಥ. ಹಾಗಾದರೆ ಒಂದನ್ನು ನೋಡಿ ಇನ್ನೊಂದನ್ನು ಮಾಡುವುದೆಲ್ಲವೂ ಅತಿಚಾರವೇ?

ಈ ಪ್ರಶ್ನೆಯು ಎರಡು ವರ್ಷಗಳ ಹಿಂದೆ, ಎಣಿಸದ ಸಂದರ್ಭವೊಂದರಲ್ಲಿ ನನ್ನ ಎದುರಿಗೆ ಬಂದಿತು. ನಮ್ಮ ಭಾಗದ ಒಂದು ಬಸದಿಯ ಟ್ರಸ್ಟಿಗೆ ವೈದ್ಯಕೀಯ ಸಹಾಯನಿಧಿಯುಂಟು. ನಾನೂ ಅದರ ಸಮಿತಿಯಲ್ಲಿದ್ದೇನೆ. ಅರವತ್ತೆಂಟು ವರ್ಷದ ಸಾಧರ್ಮಿಕರೊಬ್ಬರ ಹೃದಯದ ಮಹಾಧಮನಿಯ ಕವಾಟವು ಸುಣ್ಣಗಟ್ಟಿ ಕಿರಿದಾಗಿತ್ತು. ಅದನ್ನು ತೆಗೆದು, ಆಕಳ ಹೃದಯದ ಹೊರಪೊರೆಯಿಂದ ಮಾಡಿದ ಕವಾಟವನ್ನು ಕೂಡಿಸಬೇಕೆಂದು ವೈದ್ಯರು ಬರೆದಿದ್ದರು. ಸಭೆಯಲ್ಲಿ ಕೆಲಹೊತ್ತು ಯಾರೂ ಮಾತಾಡಲಿಲ್ಲ. ಎಂಜಿನಿಯರಿಂಗ್ ಓದಿದ ತರುಣ ಸದಸ್ಯರೊಬ್ಬರು, ಇಂತಹ ಕವಾಟಗಳ ಆಕಾರವನ್ನು ಪ್ರಾಣಿಗಳ ಮತ್ತು ಮನುಷ್ಯರ ಹೃದಯಗಳನ್ನು ಅಳೆದು ‘ರಿವರ್ಸ್ ಎಂಜಿನಿಯರಿಂಗ್’ ಎಂಬ ವಿಧಾನದಿಂದ ಕಂಪ್ಯೂಟರಿನಲ್ಲಿ ರಚಿಸುತ್ತಾರೆಂದು ವಿವರಿಸಿದರು. ಹಿರಿಯರೊಬ್ಬರು ಕೇಳಿದರು: “ಅಂದರ ಜೀವವೂ ಇನ್ನೊಬ್ಬರದು, ಆಕಾರವೂ ಇನ್ನೊಬ್ಬರದು. ಇದಕ್ಕ ನಾವು ರೊಕ್ಕ ಕೊಡೂದು ಹ್ಯಾಂಗ?” ನಾನು ಎದ್ದು, ಲೋಹದ ಕವಾಟವಾದರೆ ಕೊಡೋಣ, ಪ್ರಾಣಿಯದಾದರೆ ಬೇಡ ಎಂದೆ. ನನ್ನ ಮಾತಿಗೆ ತೂಕವಿತ್ತು. ನನ್ನ ತಂಗಿಯ ಎದೆಯಲ್ಲಿ ಲೋಹದ ಕವಾಟವಿದೆ ಎಂಬುದು ಎಲ್ಲರಿಗೂ ಗೊತ್ತು. ಹಾಗೆಯೇ ಠರಾವು ಆಯಿತು.

ಆ ಠರಾವು ಸರಿಯಾಗಿತ್ತೇ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ. ಹಿರಿಯರು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆಗಳನ್ನು ಕೇಳಿದ್ದರು. ಆಕಾರ ಯಾರದು ಎಂಬುದು ಅಚೌರ್ಯದ ಪ್ರಶ್ನೆ. ಜೀವ ಯಾರದು ಎಂಬುದು ಅಹಿಂಸೆಯ ಪ್ರಶ್ನೆ. ಮೊದಲನೆಯದು ನನ್ನ ವ್ಯಾಪಾರಕ್ಕೆ ಹತ್ತಿರವಾದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಬಂದು ಕುಂದಗೋಳದಲ್ಲಿ ಪಂಪ್‌ಸೆಟ್ಟು ಮತ್ತು ಆಯಿಲ್ ಎಂಜಿನ್ನಿನ ಬಿಡಿಭಾಗಗಳ ಅಂಗಡಿಯನ್ನು ನಡೆಸಿದವನು. ರಿವರ್ಸ್ ಎಂಜಿನಿಯರಿಂಗ್ ಎಂಬ ಹೆಸರನ್ನು ಕೇಳುವ ಎಷ್ಟೋ ವರ್ಷ ಮೊದಲೇ ಆ ಕೆಲಸವನ್ನು ಕಂಡಿದ್ದೇನೆ. ಕಂಪನಿ ಮುಚ್ಚಿಹೋದ ಹಳೆಯ ಪಂಪಿನ ಒಡೆದ ಇಂಪೆಲ್ಲರನ್ನು ರೈತನು ಚೀಲದಲ್ಲಿ ಹಾಕಿಕೊಂಡು ಬರುತ್ತಾನೆ. ಹುಬ್ಬಳ್ಳಿಯ ಟರ್ನರನು ವರ್ನಿಯರ್ ಹಿಡಿದು ಅದರ ಒಂದೊಂದು ಅಳತೆಯನ್ನೂ ಬರೆದುಕೊಳ್ಳುತ್ತಾನೆ. ಬೆಳಗಾವಿಯ ಫೌಂಡ್ರಿಯಲ್ಲಿ ಎರಕವಾಗುತ್ತದೆ. ನಕ್ಷೆಯಿಂದ ವಸ್ತುವಿಗೆ ಬರುವುದು ಸಾಮಾನ್ಯ ಕ್ರಮ; ವಸ್ತುವಿನಿಂದ ನಕ್ಷೆಗೆ ಹಿಂದಿರುಗುವುದು ಈ ಕ್ರಮ. ಇದರಿಂದ ಎಷ್ಟೋ ಹೊಲಗಳು ಉಳಿದಿವೆ. ಇದನ್ನು ಕಳವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಇದೇ ಅಂಗಡಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. 1994ರ ಬೇಸಿಗೆಯಲ್ಲಿ ಹೆಸರಾಂತ ತಯಾರಕರೊಬ್ಬರ ಹೆಸರು ಹಾಕಿದ ಪೆಟ್ಟಿಗೆಗಳಲ್ಲಿ ನಕಲಿ ಫುಟ್ ವಾಲ್ವುಗಳು ಕಡಿಮೆ ದರಕ್ಕೆ ಬಂದವು. ಬಾವಿಯಲ್ಲೋ ಹಳ್ಳದಲ್ಲೋ ಮುಳುಗಿರುವ ಪೈಪಿನ ತುದಿಯಲ್ಲಿ ಕೂತು, ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದಿರುವುದು ಫುಟ್ ವಾಲ್ವಿನ ಕೆಲಸ. ಮಾಲು ನಕಲಿಯೆಂದು ನನಗೆ ತಿಳಿದಿತ್ತು, ಮಾರಿದೆ. ಬೆಣ್ಣಿಹಳ್ಳದ ದಂಡೆಯ ಒಬ್ಬ ರೈತರ ಪಂಪು ದಿನಾಲೂ ನೀರು ಬಿಟ್ಟುಕೊಟ್ಟಿತು. ಅವರು ಎಂಟು ದಿನ ಕೈಯಿಂದ ಪೈಪಿಗೆ ನೀರು ತುಂಬಿ ಚಾಲೂ ಮಾಡಿದರು. ಒಂಬತ್ತನೆಯ ದಿನ ಪಂಪು ಒಣಗಿ ಓಡಿ ಸುಟ್ಟಿತು. ಮೆಣಸಿನ ಸಸಿಗಳು ಬಾಡಿದವು. ಅಂಗಡಿಗೆ ಬಂದ ಅವರು ಜಗಳವಾಡಲಿಲ್ಲ. “ಸಾವಕಾರ್ರ, ಹೆಸರು ನೋಡಿ ತಗೊಂಡಿದ್ದೆ” ಎಂದಷ್ಟೇ ಹೇಳಿದರು. ಫುಟ್ ವಾಲ್ವಿನ ಹಣವನ್ನೂ ಮೋಟಾರು ಕಟ್ಟಿಸಿದ ಖರ್ಚನ್ನೂ ಕೊಟ್ಟೆ. ಸಸಿಗಳ ಲೆಕ್ಕ ಹಾಗೆಯೇ ಉಳಿಯಿತು.

ಆ ಫುಟ್ ವಾಲ್ವನ್ನು ನಾನು ಬಿಚ್ಚಿಸಿ ನೋಡಿದೆ. ಅದರಲ್ಲಿ ಎರಡು ದೋಷಗಳಿದ್ದವು. ಒಂದು, ಮೇಲಿನ ಹೆಸರು ಸುಳ್ಳು. ಇನ್ನೊಂದನ್ನು ಟರ್ನರನು ತೋರಿಸಿಕೊಟ್ಟನು. ಅದನ್ನು ಮಾಡಿದವರು ಬಳಸಿ ಸವೆದ ಹಳೆಯ ವಾಲ್ವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದಿದ್ದರು. ಹೀಗಾಗಿ ಸವಕಳಿಯೂ ಅಚ್ಚಿನೊಳಗೆ ಸೇರಿತು. ಬೀಡು ಕಬ್ಬಿಣವು ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಬಲ್ಲವನು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಕೆತ್ತುತ್ತಾನೆ. ಇವರು ಅದನ್ನೂ ಬಿಟ್ಟಿದ್ದರು. ನೋಟಕ್ಕೆ ಅದೇ ಆಕಾರ, ಆದರೆ ಮುಚ್ಚಳವು ಪೀಠದ ಮೇಲೆ ಕೂಡುತ್ತಿರಲಿಲ್ಲ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪ್ರತಿರೂಪಕ ವ್ಯವಹಾರವನ್ನು ವಿವರಿಸುವಾಗ ಕೃತಕವಾದ ಚಿನ್ನ ಮುಂತಾದವುಗಳಿಂದ ವಂಚನೆಯನ್ನು ಮುಂದಿಟ್ಟುಕೊಂಡು ಮಾಡುವ ವ್ಯವಹಾರ ಎಂಬ ಅರ್ಥವನ್ನು ಕೊಡುತ್ತಾರೆ. ಇಲ್ಲಿ ಭಾರವೆಲ್ಲ ವಂಚನೆ ಎಂಬ ಪದದ ಮೇಲಿದೆ. ಹಿತ್ತಾಳೆಯನ್ನು ಹಿತ್ತಾಳೆಯೆಂದು ಮಾರಿದರೆ ಅದು ಚಿನ್ನದಂತೆ ಹೊಳೆಯುವುದು ಅತಿಚಾರವಾಗದು. ನನ್ನ 1994ರ ಪೆಟ್ಟಿಗೆ ನಿಸ್ಸಂಶಯವಾಗಿ ಅತಿಚಾರ. ಎರಡನೆಯ ದೋಷ ಮಾತ್ರ ಬೇರೆ ಜಾತಿಯದು. ಪೆಟ್ಟಿಗೆಯ ಮೇಲೆ ನಿಜವಾದ ಹೆಸರೇ ಇದ್ದಿದ್ದರೂ ಆ ವಾಲ್ವು ಸಸಿಗಳನ್ನು ಒಣಗಿಸುತ್ತಿತ್ತು. ಆಕಾರವನ್ನು ಎತ್ತಿಕೊಂಡವನು ಆ ಆಕಾರವು ಯಾವುದಕ್ಕಾಗಿ ಹಾಗಿದೆ ಎಂದು ವಿಚಾರಿಸಿರಲಿಲ್ಲ. ಅದು ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣನಾಶಕ್ಕೂ ಮೊದಲು ಹೇಳಿದ್ದು ಪ್ರಮಾದದ ಯೋಗವನ್ನೇ ಎಂಬುದು ಓದುಗರಿಗೆ ನೆನಪಿರಬಹುದು.

ಇನ್ನು ಹೃದಯಕ್ಕೆ ಬರೋಣ. ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಅವುಗಳ ಕೆಲಸ ಫುಟ್ ವಾಲ್ವಿನದೇ: ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬಿಡದಿರುವುದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ ತೆರೆದು ಮುಚ್ಚಬೇಕು. ನಿಲ್ಲಿಸಿ ದುರಸ್ತಿ ಮಾಡುವಂತಿಲ್ಲ. ಮಹಾಧಮನಿಯ ಕವಾಟಕ್ಕೆ ಅರ್ಧಚಂದ್ರಾಕಾರದ ಮೂರು ದಳಗಳು. ದಪ್ಪವು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಒಂದೊಂದು ದಳದ ಹಿಂದೆಯೂ ಧಮನಿಯ ಗೋಡೆಯು ಸಣ್ಣ ಬಟ್ಟಲಿನಂತೆ ಉಬ್ಬಿಕೊಂಡಿದೆ. ಆ ಉಬ್ಬು ಏಕೆ ಎಂಬುದನ್ನು ಇಟಲಿಯ ಲಿಯೊನಾರ್ಡೊ ಡಾ ವಿಂಚಿ 1513ರ ಸುಮಾರಿಗೆ ವಿಚಾರಿಸಿದ್ದನು. ಎತ್ತಿನ ಹೃದಯದಲ್ಲಿ ಮೇಣವನ್ನು ಎರೆದು ಅಚ್ಚು ತೆಗೆದು, ಅದರಿಂದ ಗಾಜಿನ ಮಾದರಿಯನ್ನು ಮಾಡುವ ಬಗೆಯನ್ನು ಬರೆದಿಟ್ಟನು. ನೀರಿನಲ್ಲಿ ಹುಲ್ಲಿನ ಬೀಜಗಳನ್ನು ಹರಿಯಬಿಟ್ಟು ಸುಳಿಗಳನ್ನು ಗಮನಿಸಿದನು. ಉಬ್ಬಿನೊಳಗೆ ಏಳುವ ಸುಳಿಯೇ ದಳಗಳು ಮುಚ್ಚಿಕೊಳ್ಳಲು ನೆರವಾಗುತ್ತದೆ ಎಂದು ಕಂಡುಕೊಂಡನು. ಆಧುನಿಕ ಯಂತ್ರಗಳು ಅದನ್ನು ದೃಢಪಡಿಸಿದ್ದು ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ.

ಈಗಿನ ವಿಧಾನವು ಹೀಗೆ. ಸಿ.ಟಿ. ಸ್ಕ್ಯಾನಿನಲ್ಲಿ ಹೃದಯವನ್ನು ತೆಳ್ಳನೆಯ ಹೋಳುಗಳಂತೆ ಚಿತ್ರಿಸುತ್ತಾರೆ. ಅಥವಾ ಹೊರತೆಗೆದ ಕವಾಟದ ಮೇಲೆ ಲೇಸರ್ ಕಿರಣವನ್ನು ಹಾಯಿಸುತ್ತಾರೆ. ಮೇಲ್ಮೈಯ ಲಕ್ಷಾಂತರ ಬಿಂದುಗಳ ಸ್ಥಾನವು ದೊರೆಯುತ್ತದೆ. ಕಂಪ್ಯೂಟರು ಆ ಬಿಂದುಗಳ ಮೇಲೆ ಬಟ್ಟೆ ಹೊದಿಸಿದಂತೆ ನಯವಾದ ಮೇಲ್ಮೈಯನ್ನು ಕೂಡಿಸುತ್ತದೆ. ಅನಂತರ ದಪ್ಪವನ್ನೂ ವಸ್ತುವಿನ ಗುಣವನ್ನೂ ಕೊಟ್ಟು, ರಕ್ತದ ಒತ್ತಡದಲ್ಲಿ ಅದು ಎಲ್ಲಿ ಬಾಗುತ್ತದೆ, ಎಲ್ಲಿ ಹೆಚ್ಚು ಎಳೆತ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕುತ್ತಾರೆ.

ಇಲ್ಲಿ ನನ್ನ ಸವೆದ ಫುಟ್ ವಾಲ್ವಿನ ಕಥೆಯೇ ಮತ್ತೆ ಬರುತ್ತದೆ. ಸತ್ತ ಹೃದಯದಿಂದ ಕೊಯ್ದು ತೆಗೆದ ಕವಾಟವು ಒದ್ದೆ ಬಟ್ಟೆಯಂತೆ ಕುಸಿದಿರುತ್ತದೆ. ಅದನ್ನು ಹಾಗೆಯೇ ಅಳೆದರೆ ಸಿಗುವುದು ಹೆಣದ ಆಕಾರ. ಬದುಕಿದ್ದಾಗ ರಕ್ತದ ಒತ್ತಡವು ದಳಗಳನ್ನು ತುಂಬಿ ಹಿಡಿದಿರುತ್ತದೆ. ಬುಡದ ಉಂಗುರವೂ ಪ್ರತಿ ಬಡಿತಕ್ಕೆ ಹಿಗ್ಗಿ ಕುಗ್ಗುತ್ತದೆ. ಆದುದರಿಂದ ಬಲ್ಲವರು ಕವಾಟವನ್ನು ಒತ್ತಡದಲ್ಲಿಟ್ಟು ಅಳೆಯುತ್ತಾರೆ, ಇಲ್ಲವೆ ಬದುಕಿರುವವರ ಹೃದಯವನ್ನು ಬಡಿತದ ಬೇರೆ ಬೇರೆ ಕ್ಷಣಗಳಲ್ಲಿ ಚಿತ್ರಿಸುತ್ತಾರೆ. ರೋಗಿಯ ಕವಾಟವನ್ನೇ ಅಳೆದರೆ ರೋಗದ ವಿಕಾರವೂ ನಕ್ಷೆಯಲ್ಲಿ ಬರುತ್ತದೆ. ಅದನ್ನು ಗುರುತಿಸಿ ಬಿಡಬೇಕು.

ಈ ಆಕಾರವನ್ನು ತೆಗೆದುಕೊಳ್ಳುವುದು ಅದತ್ತಾದಾನವೇ, ಅಂದರೆ ಕೊಡದಿದ್ದುದನ್ನು ತೆಗೆದುಕೊಂಡಂತೆಯೇ? ಪೂಜ್ಯಪಾದರೇ ಇಂಥದೊಂದು ಶಂಕೆಯನ್ನು ಎತ್ತಿಕೊಂಡಿದ್ದಾರೆ. ಮುನಿಗಳು ಊರಿನ ಬೀದಿಯಲ್ಲಿ ನಡೆಯುತ್ತಾರೆ, ಊರಬಾಗಿಲನ್ನು ದಾಟುತ್ತಾರೆ; ಅವನ್ನು ಯಾರೂ ಅವರಿಗೆ ಕೊಟ್ಟಿಲ್ಲವಲ್ಲ? ಅವು ಎಲ್ಲರಿಗೂ ತೆರೆದಿಟ್ಟವು, ಆದ್ದರಿಂದ ದೋಷವಿಲ್ಲ ಎಂಬುದು ಸಮಾಧಾನ. ಕೊಡುವ-ಕೊಳ್ಳುವ ವ್ಯವಹಾರವು ಎಲ್ಲಿ ಸಂಭವಿಸುತ್ತದೆಯೋ ಅಲ್ಲಿಯೇ ಕಳವು ಎಂಬ ಮಾತಿಗೆ ಎಡೆ. ಮೂರು ದಳಗಳ ಆಕಾರವು ನನ್ನ ದೃಷ್ಟಿಯಲ್ಲಿ ಊರಬೀದಿ. ಅದು ರೈತನ ಎದೆಯಲ್ಲೂ ಅರಸನ ಎದೆಯಲ್ಲೂ ಒಂದೇ. ಇನ್ನೊಬ್ಬ ತಯಾರಕನು ಶ್ರಮಪಟ್ಟು ಕಂಡುಹಿಡಿದ ಕವಾಟವನ್ನು ಬಿಚ್ಚಿ ಅಳೆದು ಮಾಡುವುದು ಬೇರೆ ಮಾತು. ಅಲ್ಲಿ ಕೊಡುವವನಿದ್ದಾನೆ. ಪೇಟೆಂಟಿನ ಕಾನೂನು ಅದಕ್ಕೇ ಇರುವುದು: ತಯಾರಕನು ತನ್ನ ವಿಧಾನವನ್ನು ಬಚ್ಚಿಡದೆ ಬರೆದು ಪ್ರಕಟಿಸುತ್ತಾನೆ, ಪ್ರತಿಯಾಗಿ ರಾಜ್ಯವು ಇಪ್ಪತ್ತು ವರ್ಷ ಅವನ ಹಕ್ಕನ್ನು ಕಾಯುತ್ತದೆ, ಅವಧಿ ತೀರಿದ ಮೇಲೆ ಅದೂ ಬೀದಿಯಾಗುತ್ತದೆ. ಅವಧಿಯೊಳಗೆ ನಕಲು ಮಾಡುವವನಿಗೆ ಅಚೌರ್ಯದ ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವುದೂ ಒಂದೆಂಬುದು ನೆನಪಿರಲಿ.

ಆಕಾರವನ್ನು ಅನುಕರಿಸಿದರೆ ಗುಣವೂ ಬರುತ್ತದೆಂಬ ಭ್ರಮೆಯನ್ನು ಕೃತಕ ಕವಾಟಗಳ ಚರಿತ್ರೆಯೇ ಮುರಿಯುತ್ತದೆ. 1960ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರೂ ಲೊವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರರೂ ರೂಪಿಸಿದ ಕವಾಟವು ಹೃದಯದ ದಳಗಳಂತೆ ಸ್ವಲ್ಪವೂ ಇರಲಿಲ್ಲ. ಪಂಜರದೊಳಗೆ ಒಂದು ಚೆಂಡು, ಅಷ್ಟೆ. ಅದು ಸಾವಿರಾರು ಜನರನ್ನು ಬದುಕಿಸಿತು. ಬಳಿಕ ಓರೆಯಾಗಿ ತೆರೆದುಕೊಳ್ಳುವ ತಟ್ಟೆಯ ಕವಾಟಗಳು ಬಂದವು. ಅವುಗಳಲ್ಲಿ ಬ್ಯೋರ್ಕ್-ಶೈಲಿ ಎಂಬುದು ಪ್ರಸಿದ್ಧ. ರಕ್ತವು ಇನ್ನಷ್ಟು ಸರಾಗವಾಗಿ ಹರಿಯಲೆಂದು ಅದರ ತಟ್ಟೆಯ ಆಕಾರವನ್ನು ಸ್ವಲ್ಪ ಬದಲಿಸಿದರು. ತಟ್ಟೆಯನ್ನು ಹಿಡಿದಿಡುವ ತಂತಿಗೆ ಬೀಳುವ ಹೊರೆಯೂ ಬದಲಾಯಿತು, ಬೆಸುಗೆ ಬಿರಿಯತೊಡಗಿತು. ಸುಮಾರು 86,000 ಮಂದಿಯ ಎದೆಯಲ್ಲಿ ಅದನ್ನು ಕೂಡಿಸಿಯಾಗಿತ್ತು. ನೂರಾರು ಕವಾಟಗಳು ಮುರಿದವು. ಮುರಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಇಷ್ಟು ಜೀವಗಳ ಪ್ರಶ್ನೆಯಲ್ಲಿ ಯಾರೂ ಏನನ್ನೂ ಕದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ದೇಶದ ಪ್ರಯತ್ನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಬಾಲ್ಯದಲ್ಲಿ ಗಂಟಲು ನೋವಿನಿಂದ ಆರಂಭವಾಗುವ ಸಂಧಿವಾತ ಜ್ವರವು ಹೃದಯದ ಕವಾಟಗಳನ್ನು ಕೆಡಿಸುವುದು ನಮ್ಮಲ್ಲಿ ಬಡವರ ಮನೆಗಳ ರೋಗ. ವಿದೇಶಿ ಕವಾಟದ ಬೆಲೆಯು ಅವರ ಕೈಗೆ ಎಟಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಸ್ವಂತ ಕವಾಟವನ್ನು ರೂಪಿಸಲು ಹೊರಟರು. ಓರೆ ತಟ್ಟೆಯ ಬಗೆ ಆಗಲೇ ಜಗತ್ತಿನಲ್ಲಿ ಬಳಕೆಯಲ್ಲಿತ್ತು. ನೋಡಿ ಮಾಡಲು ಮಾದರಿಗಳಿದ್ದವು. ಆದರೂ ಮೊದಲನೆಯ ಮಾದರಿಯ ಬೆಸುಗೆಯು ಪರೀಕ್ಷಾಯಂತ್ರದಲ್ಲಿಯೇ ಮುರಿಯಿತು. ಎರಡನೆಯದರಲ್ಲಿ ಬೆಸುಗೆಯಿಲ್ಲದೆ ಟೈಟೇನಿಯಮ್ ಲೋಹದ ಒಂದೇ ತುಂಡಿನಿಂದ ಚೌಕಟ್ಟನ್ನು ಕಡೆದರು. ಕೃತಕ ನೀಲಮಣಿಯ ತಟ್ಟೆಯು ಆ ಲೋಹವನ್ನು ಸವೆಸಿತು. ಮೂರನೆಯದರಲ್ಲಿ ಚೌಕಟ್ಟಿಗೆ ಇನ್ನೂ ಗಟ್ಟಿಯಾದ ಮಿಶ್ರಲೋಹವನ್ನು ಬಳಸಿದರು. ಅದು ಯಂತ್ರದ ಪರೀಕ್ಷೆಯಲ್ಲಿ ಗೆದ್ದಿತು. ಕುರಿಯ ಹೃದಯದಲ್ಲಿ ಕೂಡಿಸಿದಾಗ ಮೂರು ತಿಂಗಳ ಬಳಿಕ ನೀಲಮಣಿಯ ತಟ್ಟೆ ಒಡೆದು ಕುರಿ ಸತ್ತಿತು. ನಾಲ್ಕನೆಯದರಲ್ಲಿ ತಟ್ಟೆಯನ್ನು ಗಟ್ಟಿ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದರು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಕೂಡಿಸಲಾಯಿತು. ಟಿ.ಟಿ.ಕೆ. ಕಂಪನಿಯು ಅದನ್ನು ತಯಾರಿಸುತ್ತ ಬಂದಿದ್ದು, ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ಸೇರಿದೆ. ವಲಿಯತ್ತಾನರು ಮುಂದೆ 1993ರಿಂದ ನಮ್ಮ ಮಣಿಪಾಲದಲ್ಲಿ ಕುಲಪತಿಗಳಾಗಿದ್ದರು, ಚರಕ-ಸುಶ್ರುತರ ಮೇಲೆ ಗ್ರಂಥಗಳನ್ನು ಬರೆದರು, 2024ರ ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡರು.

ಇತರರ ಕವಾಟಗಳನ್ನು ಕಣ್ಣೆದುರಿಗಿಟ್ಟುಕೊಂಡೂ ಇವರು ಮೂರು ಸಲ ಸೋತುದು ಏಕೆಂದರೆ, ಆಕಾರವನ್ನಷ್ಟೇ ಹೊರಗಿನಿಂದ ಕಾಣಬಹುದು. ಬೆಸುಗೆಯ ಬಲ, ಸವಕಳಿ, ಒಂದು ವಸ್ತುವು ಇನ್ನೊಂದರೊಡನೆ ಹೊಂದುವ ಬಗೆ ಇವು ಕಾಣುವುದಿಲ್ಲ. ಸೋಲನ್ನು ಮುಚ್ಚಿಡದೆ ಪ್ರತಿ ಸಲವೂ ಹಿಂದಕ್ಕೆ ಹೋಗಿ ಕಾರಣವನ್ನು ಹುಡುಕಿದರು. ವ್ರತದ ಭಾಷೆಯಲ್ಲಿ ಇದಕ್ಕೆ ಅಪ್ರಮತ್ತತೆ ಎನ್ನುವುದು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ನನ್ನ ತಂಗಿಯ ಎದೆಯಲ್ಲಿರುವುದು ಇದೇ ಕವಾಟ. ಅವಳನ್ನು ಗುಡಗೇರಿಗೆ ಕೊಟ್ಟಿದ್ದೇವೆ. ಎಳವೆಯ ಜ್ವರದಿಂದ ಕೆಟ್ಟ ಕವಾಟವನ್ನು 2009ರಲ್ಲಿ, ಅವಳ ಮೂವತ್ತೆಂಟನೆಯ ವಯಸ್ಸಿನಲ್ಲಿ ಬದಲಿಸಬೇಕಾಯಿತು. ಪ್ರಾಣಿಜನ್ಯ ಕವಾಟವು ಸುಮಾರು ಹತ್ತು-ಹದಿನೈದು ವರ್ಷ ಬಾಳುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ ಕೆಡುತ್ತದೆ. ಲೋಹದ್ದು ದೀರ್ಘಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಗುಳಿಗೆ ನುಂಗಬೇಕು ಎಂದು ವೈದ್ಯರು ವಿವರಿಸಿದರು. ಅವಳು ನನ್ನನ್ನು ಬದಿಗೆ ಕರೆದು, “ಅಣ್ಣಾ, ಅದು ಯಾವ ಜೀವದ್ದು ಅಂತ ಕೇಳಿ ಬಾ” ಎಂದಳು. ಹಂದಿಯದು ಇಲ್ಲವೆ ಆಕಳದು ಎಂದು ತಿಳಿದಾಗ ಲೋಹದ್ದೇ ಇರಲಿ ಎಂದಳು. ಅವಳ ವಯಸ್ಸಿಗೆ ವೈದ್ಯರ ಸಲಹೆಯೂ ಅದೇ ಆಗಿದ್ದುದು ನಮ್ಮ ಪುಣ್ಯ. (ಪ್ರಸಂಗವಶಾತ್ ಒಂದು ಸೂಚನೆ: ವಾರ್ಫರಿನ್ ಜಾತಿಯ ಈ ಗುಳಿಗೆಯ ಬಲವು ಸೊಪ್ಪಿನಲ್ಲಿರುವ ವಿಟಮಿನ್ ಕೆಯಿಂದ ತಗ್ಗುತ್ತದೆ. ಅಷ್ಟಮಿ-ಚತುರ್ದಶಿ ಹಾಗೂ ಪರ್ವದ ದಿನಗಳಲ್ಲಿ ಹಸಿರು ಬಿಡುವ ನಮ್ಮವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ರಕ್ತಪರೀಕ್ಷೆಯನ್ನು ತಪ್ಪಿಸದಿರಬೇಕು. ಇದೇ ವಾರ್ಫರಿನ್ 1948ರಲ್ಲಿ ಮೊದಲು ಮಾರಾಟಕ್ಕೆ ಬಂದುದು ಇಲಿಪಾಷಾಣವಾಗಿ. ಮನುಷ್ಯರಿಗೆ ಔಷಧಿಯಾದುದು ಆಮೇಲೆ. ಇಲಿಪಾಷಾಣವನ್ನು ನನ್ನ ಅಂಗಡಿಯಲ್ಲಿ ಎಂದೂ ಇಟ್ಟವನಲ್ಲ ಎಂದು ಹೆಮ್ಮೆಪಡುತ್ತಿದ್ದೆ!)

ಲೋಹದ ಕವಾಟವು ಶುದ್ಧ, ಅದರಲ್ಲಿ ಹಿಂಸೆಯಿಲ್ಲ ಎಂದು ನಾನು ಹದಿನೈದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಸಭೆಯಲ್ಲಿ ಎದ್ದು ನಿಂತುದೂ ಅದೇ ಬಲದಿಂದ. ಠರಾವಾದ ಮೇಲೆ ಓದಲು ತೊಡಗಿದಾಗಲೇ ಮೂರನೆಯ ಮಾದರಿಯ ಕುರಿಯ ವಿಷಯವು ಗೊತ್ತಾದುದು. ಕವಾಟದ ಪರೀಕ್ಷೆಗೆ ಗುರಿಯಾದದ್ದು ಆ ಒಂದೇ ಕುರಿಯಲ್ಲ. ಮುಂದೆ ಓದಿದಾಗ ಇನ್ನೊಂದು ತಿಳಿಯಿತು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ಯಂತ್ರದ ಮೂಲಕ ಹಾಯಿಸುವಾಗ ಅದು ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧಿಯನ್ನು ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಕವಾಟವು ಯಾವುದೇ ಇರಲಿ, ಈ ಔಷಧಿ ಬೇಕು. ಹಂದಿಯದು ಬೇಡವೆಂದು ಲೋಹವನ್ನು ಆರಿಸಿಕೊಂಡ ದಿನವೇ ಹಂದಿಯದು ಅವಳ ರಕ್ತದಲ್ಲಿ ಸೇರಿತ್ತು.

ಹಾಗಾದರೆ ಅವಳು ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳಬಾರದಿತ್ತೇ? ನಮ್ಮ ಶಾಸ್ತ್ರವು ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ಪೂರ್ತಿ ನಿಷೇಧಿಸಿ, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳಲು ಹೇಳುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಹಿಂಸೆಯ ಫಲವು ಹೊರಗಿನ ಕ್ರಿಯೆಯ ಅಳತೆಯಲ್ಲದೆ ಒಳಗಿನ ಭಾವದ ಅಳತೆಯಂತೆ ದೊರೆಯುವುದೆಂದು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಜೀವವುಳಿಸಲು ಕತ್ತಿ ಹಿಡಿದ ವೈದ್ಯನು ಹಿಂಸಕನಲ್ಲ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿವೆ. ನನ್ನ ತಂಗಿ ಕುರಿಯನ್ನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಅದರ ಫಲವನ್ನು ಅನುಭವಿಸುವುದು ಅನುಮೋದನವಾಗುತ್ತದೆಯೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರಬಹುದು. ಫಲವನ್ನು ಪಡೆಯುವುದೊಂದೇ ಅನುಮೋದನವಲ್ಲ, ಆ ಹಿಂಸೆ ನಡೆದೇ ಇಲ್ಲವೆಂಬಂತೆ ಮಾತಾಡುವುದು ಅನುಮೋದನಕ್ಕೆ ಬಹಳ ಹತ್ತಿರ ಎಂದು ನನಗೆ ತೋರುತ್ತದೆ. ಹದಿನೈದು ವರ್ಷ ನಾನು ಮಾಡಿದ್ದು ಅದನ್ನೇ. ಹಿಂಸೆಯನ್ನು ಒಳಗಿಟ್ಟು ಮೇಲೆ ಅಹಿಂಸೆಯ ಹೆಸರಿನ ಪೆಟ್ಟಿಗೆಯನ್ನು ಹೊಂದಿಸಿದ್ದೆ. ಪ್ರತಿರೂಪಕ ವ್ಯವಹಾರವೆಂದರೆ ಇದೂ ಹೌದು.

ಆಕಾರಗಳನ್ನು ಕಂಪ್ಯೂಟರಿನಲ್ಲಿ ರಚಿಸುವ ವಿದ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯವು ಈ ದೃಷ್ಟಿಯಿಂದ ಬದಲಾಗಿದೆ. ಬದುಕಿರುವ ಮನುಷ್ಯನ ಸ್ಕ್ಯಾನಿನಿಂದ ಆಕಾರವನ್ನು ತೆಗೆದರೆ ಯಾವ ಜೀವವೂ ಸಾಯುವುದಿಲ್ಲ. ಮುರಿಯುವ ಮಾದರಿಯು ಲೆಕ್ಕದಲ್ಲಿಯೇ ಮುರಿದರೆ ಕುರಿಯ ಎದೆಯವರೆಗೆ ಹೋಗುವುದಿಲ್ಲ. ಪ್ರಾಣಿಪರೀಕ್ಷೆಯು ಇದರಿಂದ ನಿಂತಿಲ್ಲ, ಕಡಿಮೆಯಾಗಲು ದಾರಿಯಾಗಿದೆ. ಪ್ರಾಣಿಯ ಪೊರೆಯ ಬದಲು ಪಾಲಿಮರಿನಿಂದ ಮಾಡಿದ ದಳಗಳ ಕವಾಟಗಳನ್ನು ಈಚಿನ ವರ್ಷಗಳಲ್ಲಿ ಭಾರತದ ಆಸ್ಪತ್ರೆಗಳಲ್ಲಿಯೂ ರೋಗಿಗಳಿಗೆ ಕೂಡಿಸಿ ಪರೀಕ್ಷಿಸಲಾಗಿದೆ. ದಳದ ಆಕಾರವನ್ನೂ ದಪ್ಪವನ್ನೂ ಸೂಕ್ಷ್ಮವಾಗಿ ರಚಿಸುವ ಈ ವಿದ್ಯೆಯಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ನಮ್ಮ ಸಮಾಜದ ದಾನಿಗಳು ವಿದ್ಯಾರ್ಥಿವೇತನ ಕೊಡುವಾಗ ಇಂತಹ ಅಧ್ಯಯನ ಮಾಡುವ ಮಕ್ಕಳನ್ನು ನೆನೆಯಬಹುದು.

ಇನ್ನು ಆ ಅರ್ಜಿಯ ಸಂಗತಿ. ಠರಾವಿನ ಪ್ರತಿಯನ್ನು ಕಳಿಸಿದ ಒಂದು ವಾರಕ್ಕೆ ಅರ್ಜಿದಾರರ ಮಗ ಬಂದು, ವೈದ್ಯರ ಪತ್ರದ ಎರಡನೆಯ ಪುಟವನ್ನು ನನ್ನ ಮು೦ದೆ ಇಟ್ಟರು. ಅವರ ತಂದೆಗೆ ಹಿಂದೊಮ್ಮೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಿತ್ತು. ರಕ್ತವನ್ನು ತಿಳಿಯಾಗಿಡುವ ಗುಳಿಗೆಯನ್ನು ಅವರು ನುಂಗುವಂತಿರಲಿಲ್ಲ. ಗುಳಿಗೆಯಿಲ್ಲದೆ ಲೋಹದ ಕವಾಟವು ನಡೆಯದು. ಅದು ಆ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಮಿತಿಯ ಏಳು ಜನರಲ್ಲಿ ಒಬ್ಬರೂ ಹಾಳೆಯನ್ನು ತಿರುವಿ ನೋಡಿರಲಿಲ್ಲ. ನನ್ನ ತಂಗಿಯ ಕವಾಟದ ಆಕಾರವನ್ನು ನಾನು ಇನ್ನೊಬ್ಬರ ಎದೆಗೆ ಎರಕ ಹೊಯ್ಯಲು ಹೋಗಿದ್ದೆ. “ನೀವು ಇಲ್ಲ ಅಂದದ್ದಕ್ಕ ಬ್ಯಾಸರಿಲ್ರೀ, ಓದದ ಅಂದದ್ದಕ್ಕ ಬ್ಯಾಸರ” ಎಂದು ಆ ಹುಡುಗ ಹೇಳಿದರು. ಮನೆಯ ಹಿಂದಿನ ಜಾಗವನ್ನು ಅಡವಿಟ್ಟು ಚಿಕಿತ್ಸೆ ಮಾಡಿಸಿದರು. ತಂದೆಯವರು ಈಗ ಬಸದಿಗೆ ನಡೆದು ಬರುತ್ತಾರೆ. ನನ್ನನ್ನು ಕಂಡರೆ ಜಯ ಜಿನೇಂದ್ರ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಮಾತಿಲ್ಲ.

ಮುಂದಿನ ಸಭೆಯಲ್ಲಿ ನಾನೇ ಸೂಚಿಸಿ ಠರಾವನ್ನು ತಿದ್ದಿಸಿದೆ. ಕವಾಟದ ಬಗೆಯನ್ನು ರೋಗಿಯೂ ವೈದ್ಯರೂ ನಿರ್ಧರಿಸತಕ್ಕದ್ದು. ಪ್ರತಿಯೊಂದು ಬಗೆಯಲ್ಲಿ ಪ್ರಾಣಿಯ ಅಂಶವೇನಿದೆ ಎಂಬುದನ್ನು ಕೇಳಿದವರಿಗೆ ಸಮಿತಿಯು ಮುಚ್ಚಿಡದೆ ತಿಳಿಸತಕ್ಕದ್ದು. ಸಹಾಯವು ಆ ಕಾರಣಕ್ಕೆ ನಿಲ್ಲತಕ್ಕದ್ದಲ್ಲ. ಇಬ್ಬರು ಸದಸ್ಯರು ವಿರೋಧಿಸಿದರು, ಅವರ ವಿರೋಧವನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ಅಡವಿನ ಸಾಲಕ್ಕೆ ನಿಧಿಯಿಂದ ಹಣ ಕೊಡಲು ಬಂದಾಗ ಆ ಮನೆಯವರು ಅರ್ಧವನ್ನು ಮಾತ್ರ ತೆಗೆದುಕೊಂಡರು.

ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಗುಡಗೇರಿಗೆ ಹೋಗಿ ತಂಗಿಗೆ ಓದಿ ಹೇಳಿದೆ. ಕುರಿಯ ವಿಷಯವನ್ನು ಬರೆದಿದ್ದೆ. ಹೆಪಾರಿನ್ನಿನ ವಿಷಯವನ್ನು ಅವಳಿಗೆ ನೋವಾದೀತೆಂದು ಬಿಟ್ಟಿದ್ದೆ. ಓದಿ ಮುಗಿಸಿದ ಮೇಲೆ, ಬಿಟ್ಟುದನ್ನೂ ಬಾಯಿಮಾತಿನಲ್ಲಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದನ್ನೂ ಬರಿ ಅಣ್ಣಾ. ಕುರಿ ಬರದು ಹಂದಿ ಬಿಟ್ಟರ ಲೆಕ್ಕ ಕೂಡೂದಿಲ್ಲ” ಎಂದಳು. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದಳು. ಅದರಲ್ಲಿ ಕವಾಟದ ಹೆಸರು, ಅಳತೆ, ಕ್ರಮಸಂಖ್ಯೆ ಎಲ್ಲವೂ ಇದ್ದವು. ಅದರ ಹಿಂಬದಿಯಲ್ಲಿ ಅವಳು ಪೆನ್ಸಿಲಿನಿಂದ ‘ಕುರಿ’ ಎಂದು ಮೊದಲೇ ಬರೆದಿದ್ದಳು. ಯಾವಾಗ ತಿಳಿದುಕೊಂಡಳೋ ನಾನು ಕೇಳಲಿಲ್ಲ. ಅಡಿಗೆಮನೆಯಿಂದ ಮೊಮ್ಮಗಳ ಪೆನ್ಸಿಲನ್ನು ತರಿಸಿಕೊಂಡು ಅದರ ಕೆಳಗೆ ಇನ್ನೊಂದು ಪದವನ್ನು ಬರೆದು, ಚೀಟಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.